ಕೂಗಿದ್ದೇ ಹೆಸರು

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಪರಮೇಶ ತನ್ನ ತಾಯಿ ಗಂಗಕ್ಕನ ಜೊತೆ ಚಿತ್ರದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿದ್ದ. ಆರು ವರ್ಷದಿಂದ ನಡೆಸಿಕೊಂಡು ಬಂದಿದ್ದ ‘ಹೋಲ್ಡಾನ್’ ಎಂಬ, ಖಾಸಗಿ ಬಸ್ಸು ಎಲ್ಲಿದೆಯೆಂದು ತೋರಿಸುವ ಆ್ಯಪನ್ನು ಮಾರುವುದೋ ಬೇಡವೋ ಎಂಬುದನ್ನು ಅವನು ಆ ಸಂಜೆಯೊಳಗೆ ಹೇಳಬೇಕಿತ್ತು.

ಮಾರುವುದೆಂದು ಮನಸ್ಸಿನಲ್ಲಿ ಆಗಿಹೋಗಿತ್ತು. ಹೆಂಡತಿ ಅನುಪಮಾಳಿಗೂ ಹೇಳಿಯಾಗಿತ್ತು. ಅವಳು ದೋಸೆ ಮಗುಚುತ್ತಿದ್ದವಳು ತಿರುಗಿ ನೋಡದೆ ‘ಸದ್ಯ’ ಎಂದಿದ್ದಳು. ಆ ಒಂದು ಮಾತು ಅವನ ಜೊತೆ ಬಸ್ ನಿಲ್ದಾಣದವರೆಗೂ ಬಂದಿತ್ತು. ಅದರಲ್ಲಿ ಸಂತೋಷವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದಿನ ಉಳಿದುಕೊಂಡಿದ್ದ ದೂರದ ನೆಂಟರು ಬಾಗಿಲು ದಾಟಿದ ಮೇಲೆ ಹೇಳುವಂಥ ಮಾತು ಅದು. ಅವಳದು ತಪ್ಪೆನ್ನುವಂತಿರಲಿಲ್ಲ. ಡಿಪ್ಲೊಮಾ ಕಾಲೇಜಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳಿ ಮನೆಗೆ ಬಂದ ಮನುಷ್ಯ ಊಟದ ತಟ್ಟೆಯ ಪಕ್ಕ ಫೋನಿಟ್ಟುಕೊಂಡು, ಹೊಸದುರ್ಗದ ಕಡೆಯ ಯಾವುದೋ ಬಸ್ಸು ಯಾವುದೋ ಹುಣಸೆಮರ ದಾಟಿತೋ ಇಲ್ಲವೋ ಎಂದು ನೋಡುತ್ತ ಕೂರುವುದನ್ನು ಅವಳು ಆರು ವರ್ಷ ಸಹಿಸಿದ್ದಳು. ಹಬ್ಬದ ದಿನ ಸರ್ವರ್ ನಿಂತುಹೋದರೆ ಅವನು ಹೋಳಿಗೆ ಬಿಟ್ಟು ಎದ್ದುಹೋಗುತ್ತಿದ್ದ. ಆ್ಯಪಿನಿಂದ ಬಂದದ್ದೇನೂ ಇಲ್ಲ. ಅದಕ್ಕೆ ಹೋಗುವುದು ಮಾತ್ರ ತಿಂಗಳು ತಪ್ಪದೆ ಸಂಬಳದಿಂದ ಹೋಗುತ್ತಿತ್ತು. ಜಾಹೀರಾತು ಕೇಳಿಕೊಂಡು ಅವನು ಹಿರಿಯೂರಿನ ಬೀಜದಂಗಡಿಗಳ ಬಾಗಿಲಿಗೆ ಹೋಗಿ ನಿಂತದ್ದುಂಟು. ಒಬ್ಬ ಅಂಗಡಿಯವನು ಗಿರಾಕಿಗಳೆಲ್ಲ ಮುಗಿಯುವ ತನಕ ಕಾಯಿಸಿ, ‘ಮೇಷ್ಟ್ರಂತೀರಿ, ಯಾಕ್ಬೇಕ್ರಿ ನಿಮ್ಗೆ ಈ ಉಸಾಬರಿ’ ಎಂದು ಒಂದು ಲೋಟ ಮಜ್ಜಿಗೆ ಕೊಟ್ಟಿದ್ದ. ಕುಡಿದಾದ ಲೋಟವನ್ನು ಎಲ್ಲಿಡಬೇಕೆಂದು ತಿಳಿಯದೆ ಗೊಬ್ಬರದ ಚೀಲಗಳ ನಡುವೆ ಅದನ್ನು ಹಿಡಿದುಕೊಂಡು ನಿಂತಿದ್ದು ನೆನಪಾದರೆ ಪರಮೇಶನ ಕಿವಿ ಈಗಲೂ ಬಿಸಿಯಾಗುತ್ತದೆ.

ಗಂಗಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸಿಮೆಂಟಿನ ಬೆಂಚಿನ ಮೇಲೆ ಕುಳಿತಿದ್ದಳು. ಚೀಲದಲ್ಲಿ ಬಾಳೆಹಣ್ಣು, ಕಲ್ಲುಸಕ್ಕರೆ, ಕೂಸಿಗೆಂದು ತಾನೇ ಹೊಲಿದ ಕುಲಾವಿ. ಮಾಡದಕೆರೆ ದಾರಿಯಲ್ಲಿ ಒಂದು ಕಾಲಕ್ಕೆ ಅವಳ ಪಕ್ಕದ ಮನೆಯವಳಾಗಿದ್ದ ಶಾಂತಿಯ ಮೊಮ್ಮಗನಿಗೆ ಅವತ್ತು ಹೆಸರಿಡುವ ಶಾಸ್ತ್ರ. ಬೇರೆ ಯಾವ ದಿನವಾದರೂ ಪರಮೇಶ ಬೇಡವೆನ್ನುತ್ತಿರಲಿಲ್ಲ. ‘ಇವತ್ತು ಕಂಪನಿಯೋರು ಬರ್ತಾರೆ ಕಣವ್ವ, ಮುಂದಿನ ವಾರ ನಾನೇ ಸ್ಕೂಟರಿನಾಗೆ ಕರ್ಕಂಡು ಹೋಗ್ತೀನಿ’ ಎಂದು ನೋಡಿದ್ದ. ‘ಮುಂದಿನ ವಾರದ ಗಂಟ ಕೂಸು ಹೆಸ್ರಿಲ್ದಂಗೆ ಇರ್ತೈತೇನಪ್ಪ?’ ಎಂದವಳು ಆಗಲೇ ಉಡುವ ಸೀರೆ ತೆಗೆದಿಟ್ಟಿದ್ದಳು. ಆಮೇಲೆ ತಾನೇ ಸಮಾಧಾನ ಹೇಳುವವಳ ಹಾಗೆ, ‘ನೀನು ಹೆಂಗೂ ಅದೇ ಬಸ್ಸಿಗೇ ಹೋಗ್ತೀಯಲ್ಲ. ನಾನೇನು ನಿನ್ನ ತೊಡೆ ಮ್ಯಾಲೆ ಕುಂತ್ಕಣಲ್ಲ’ ಎಂದಿದ್ದಳು.

ಅದೇ ಬಸ್ಸಿಗೇ. ಅದೇ ತೊಂದರೆ. ಕೊಳ್ಳುವ ಕಂಪನಿ ಪಾರ್ಸೆಲ್ ಮುಟ್ಟಿಸುವವರಿಗೆ ನಕ್ಷೆ ಮಾಡಿಕೊಡುವಂಥದ್ದು. ಅದರ ಪರವಾಗಿ ಮಾತಾಡುತ್ತಿದ್ದ ಚೈತ್ರಾ ಮೊದಲ ದಿನವೇ ಫೋನಿನಲ್ಲಿ ನೇರವಾಗಿ ಹೇಳಿದ್ದಳು: ‘ಸರ್, ಬೇಜಾರ್ ಮಾಡ್ಕೋಬೇಡಿ. ಆ್ಯಪ್ ನಮಗೆ ಬೇಡ, ಅದನ್ನ ಮುಚ್ತೀವಿ. ನಮಗೆ ಸ್ಟಾಪುಗಳ ಹೆಸರು ಬೇಕು.’ ಅವನಿಗೆ ಬೇಜಾರಾಯಿತು. ಎರಡು ದಿನದ ಮೇಲೆ ಹೆಮ್ಮೆಯೂ ಆಯಿತು. ಹೆಸರುಗಳ ಬಗ್ಗೆ ಅವನು ಕಟ್ಟುನಿಟ್ಟು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರುಗಳ ನಡುವೆ ಓಡುವ ಖಾಸಗಿ ಬಸ್ಸುಗಳಲ್ಲಿ ರಜೆಯ ದಿನಗಳನ್ನೆಲ್ಲ ಕಳೆದು, ಬಾಗಿಲ ಹತ್ತಿರದ ಸೀಟಿನಲ್ಲಿ ಕುಳಿತು, ಕಂಡಕ್ಟರ್ ಯಾವ ಸ್ಟಾಪಿಗೆ ಏನೆಂದು ಕೂಗುತ್ತಾನೋ ಅದನ್ನೇ ಬರೆದುಕೊಂಡವನು. ಹಳದಿ ಬೋರ್ಡಿನಲ್ಲಿ ಬಸವೇಶ್ವರ ನಗರ ಎಂದಿದ್ದ ಕಡೆ ಕಂಡಕ್ಟರ್ ‘ಮುರುಕು ಬಾವಿ’ ಎನ್ನುತ್ತಿದ್ದ. ಆ್ಯಪಿನಲ್ಲೂ ಮುರುಕು ಬಾವಿ. ‘ಎರಡು ಬೇವು’ ಎಂಬಲ್ಲಿ ಈಗ ಒಂದೇ ಬೇವು ಇತ್ತು. ‘ಲಾರಿ ಬಿದ್ದ ತಿರುವು’ ಎಂಬಲ್ಲಿ ಲಾರಿ ಯಾವಾಗ ಬಿತ್ತೆಂದು ಯಾರಿಗೂ ತಿಳಿಯದು. ಸರ್ಕಾರದ ಯಾವ ನಕ್ಷೆಯಲ್ಲೂ ಇಲ್ಲದ ಈ ಹೆಸರುಗಳೇ ಜನ ಹತ್ತುವ, ಇಳಿಯುವ ಹೆಸರುಗಳು. ಆ್ಯಪ್ ತೆರೆದ ಕೂಡಲೇ ಮೇಲ್ಗಡೆ ಒಂದು ಸಾಲು ಕಾಣುತ್ತಿತ್ತು: ಕಂಡಕ್ಟರ್ ಕೂಗಿದ್ದೇ ಹೆಸರು. ಕಂಪನಿಯ ಹುಡುಗರು ಬಸ್ಸುಗಳಲ್ಲಿ ಓಡಾಡಿ ತಾಳೆ ನೋಡಿದರು. ಎಲ್ಲ ಸರಿಯಿತ್ತು, ಒಂದರ ಹೊರತು. ‘ಮಾಡದಕೆರೆಗೆ ಮುಂಚೆ ವಿನಾಯಕ ನಗರ ಅಂತ ಹಾಕಿದೀರಲ್ಲ ಸರ್, ಆ ಹೆಸರು ಹೇಳಿದ್ರೆ ಕಂಡಕ್ಟರುಗಳು ಮುಖ ಮುಖ ನೋಡ್ತಾರಂತೆ. ಭಾನುವಾರ ನಾನೇ ಬರ್ತೀನಿ. ಒಂದು ಸಲ ಹೋಗಿ ನೋಡಿಬಿಟ್ರೆ ಸಂಜೆ ಮುಗಿಸಬಹುದು’ ಎಂದಳು ಚೈತ್ರಾ. ಪರಮೇಶ ‘ಬನ್ನಿ’ ಎಂದ. ಬೇರೆ ಏನು ಹೇಳಬಹುದಿತ್ತೆಂದು ಆಮೇಲೆ ಎಷ್ಟು ಹುಡುಕಿದರೂ ಹೊಳೆಯಲಿಲ್ಲ.

ಹೊಳಲ್ಕೆರೆ, ಹೊಸದುರ್ಗ ಸುತ್ತಿಕೊಂಡು ಮಾಡದಕೆರೆ ಮೇಲೆ ಹಿರಿಯೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಚೈತ್ರಾ ಆಟೋದಿಂದ ಇಳಿದು ಬಂದಳು. ಫೋನಿನ ಧ್ವನಿಗಿಂತ ಚಿಕ್ಕವಳು, ಬೆನ್ನಿಗೆ ಚೀಲ, ಕಾಲಿಗೆ ಬೂಟು. ಅವಳನ್ನು ಮುಂದೆ ಕೂರಿಸಿ ಅವ್ವನನ್ನು ಹಿಂದೆ ಕೂರಿಸಬೇಕೆಂದು ಪರಮೇಶ ಲೆಕ್ಕ ಹಾಕುವಷ್ಟರಲ್ಲಿ ಗಂಗಕ್ಕ ಹುಡುಗಿಯ ಪಕ್ಕದಲ್ಲೇ ಚೀಲ ಇಟ್ಟು, ‘ಸರ್ಕಳವ್ವ’ ಎಂದು ಕುಳಿತುಬಿಟ್ಟಿದ್ದಳು. ಅವನಿಗೆ ಅವರ ಹಿಂದಿನ ಸೀಟು ಸಿಕ್ಕಿತು. ಕಂಡಕ್ಟರ್ ಟಿಕೆಟ್ ಕೇಳುತ್ತ ಬಂದ. ಪರಮೇಶ ದುಡ್ಡು ತೆಗೆದು ಎಣಿಸಿದ. ವಿನಾಯಕ ನಗರ ಎಂದರೆ ಕಂಡಕ್ಟರ್ ಮುಖ ನೋಡುತ್ತಾನೆ. ಇನ್ನೊಂದು ಹೆಸರು ಹೇಳಲು ನಾಲಿಗೆ ಏಳದು. ಅಷ್ಟರಲ್ಲಿ ಗಂಗಕ್ಕನೇ, ‘ಮೂರು ಮಾಡದಕೆರೆ ಕೊಡಪ್ಪ’ ಎಂದಳು. ತಮ್ಮ ಸ್ಟಾಪು ಬಿಟ್ಟು ಮುಂದಿನ ಸ್ಟಾಪಿಗೆ. ಪರಮೇಶನಿಗೆ ಮೊದಲು ಉಸಿರು ಬಂತು. ಆಮೇಲೆ, ಬಸ್ಸು ಊರು ಬಿಟ್ಟು ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣತೊಡಗಿದ ಮೇಲೆ, ಅವ್ವ ಹಾಗೇಕೆ ಕೇಳಿದಳು ಎಂಬುದು ಒಂದು ಸಣ್ಣ ಮುಳ್ಳಿನ ಹಾಗೆ ಚುಚ್ಚತೊಡಗಿತು. ತನಗಾಗಿಯೇ? ಅವಳಿಗೆ ಗೊತ್ತೇ?

‘ಯಾವೂರವ್ವ ನಿಂದು?’

‘ಹೊಳಲ್ಕೆರೆನೇ ಅಮ್ಮ. ಕೆಲಸ ಬೆಂಗ್ಳೂರಲ್ಲಿ.’

‘ಹೊಳಲ್ಕೆರೆಯಾಗೆ ಯಾರ ಪೈಕಿ?’

‘ಪಂಚಾಕ್ಷರಪ್ಪ ಅಂತ, ಬಟ್ಟೆ ಅಂಗಡಿ ಇತ್ತಲ್ಲ, ಅವ್ರ ಮಗಳು.’

‘ಅಯ್ಯ! ಪಂಚಾಕ್ಷರಪ್ಪನೋರ ಮಗಳಾ ನೀನು! ನಿಮ್ಮಪ್ಪ ಬಟ್ಟೆ ಅಳೀವಾಗ ಹೆಬ್ಬೆಟ್ಟು ಒಳಗಿಟ್ಕಂಡು ಅಳೀತಿದ್ರು ಕಣವ್ವ. ಒಂದೊಂದು ಗಜಕ್ಕೂ ಒಂದು ಹೆಬ್ಬೆಟ್ಟು ಅವ್ರಿಗೇ.’

ಚೈತ್ರಾ ಬಾಯಿ ಮುಚ್ಚಿಕೊಂಡು ನಕ್ಕಳು. ‘ಅಮ್ಮನೂ ಹಂಗೇ ಅಂತಾರೆ.’

ಗಂಗಕ್ಕ ಹೀಗೆಯೇ. ಅಂಗಡಿ ನಡೆಸುತ್ತಿದ್ದಾಗಲೂ ಗಿರಾಕಿಯ ಮುಖ ನೋಡಿ ಅವನ ಅಪ್ಪ, ಅಜ್ಜನನ್ನೆಲ್ಲ ಹೇಳುತ್ತಿದ್ದಳು. ರಸ್ತೆ ಪಕ್ಕದ ತಗಡಿನ ಅಂಗಡಿ, ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ ಗಾಜಿನ ಲೋಟಗಳು, ಒಂದು ಮೂಲೆಯಲ್ಲಿ ಸಾರಾಯಿ ಪಾಕೀಟಿನ ಚೀಲ. ಗಂಡ ಹೋದ ಮೇಲೆ ಯಾರದೋ ಗುತ್ತಿಗೆಯ ಅಂಗಡಿಯಲ್ಲಿ ಕೂತವಳು ಆಮೇಲೆ ಏಳಲಿಲ್ಲ. ಅವಳು ಲೋಟ ಕೊಡುತ್ತಿದ್ದಳು, ಶಾಲೆಯಿಂದ ಬಂದ ಪರಮೇಶ ತೊಳೆಯುತ್ತಿದ್ದ. ಕುಡಿದು ಜಗಳಕ್ಕೆ ಬಂದವರನ್ನು ಅವಳು ಕೊಡದಲ್ಲಿದ್ದ ನೀರು ಎರಚಿ ಓಡಿಸುತ್ತಿದ್ದಳು. ಒಂದು ದಿನ ಏಳನೇ ತರಗತಿಯಲ್ಲಿ ಲೆಕ್ಕದ ಮೇಷ್ಟ್ರು ಅವನ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಮೂಗಿನ ಹತ್ತಿರ ತಂದುಕೊಂಡು, ಏನೂ ಹೇಳದೆ, ಕಿಟಕಿ ಪಕ್ಕದ ಬೆಂಚು ತೋರಿಸಿದರು. ಬೈದಿದ್ದರೆ ಮರೆಯಬಹುದಿತ್ತು. ಸರ್ಕಾರ ಸಾರಾಯಿ ನಿಲ್ಲಿಸಿದ ಮೇಲೆ ಅದೇ ಅಂಗಡಿಯಲ್ಲಿ ಗಂಗಕ್ಕ ಚಹಾ, ಮಿರ್ಚಿ, ಮಂಡಕ್ಕಿ ಮಾಡಿದಳು. ಸಾರಾಯಿ ಮಾರಿದ್ದಕ್ಕಿಂತ ಹೆಚ್ಚು ವರ್ಷ ಮಿರ್ಚಿ ಮಾರಿದಳು. ಆದರೆ ಬಸ್ಸಿನವರು ಒಂದು ಸಲ ಹಿಡಿದ ಹೆಸರನ್ನು ಬಿಡಲಿಲ್ಲ. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಗಂಗಕ್ಕ ಮಗನ ಜೊತೆ ಚಂದ್ರವಳ್ಳಿ ದಾರಿಯ ಮನೆಗೆ ಬಂದಳು. ಆಮೇಲೂ ಕಂಡಕ್ಟರುಗಳು ಖಾಲಿ ಜಾಗಕ್ಕೆ ಅದೇ ಹೆಸರು ಕೂಗುತ್ತಿದ್ದರು: ಸಾರಾಯಿ ಗಂಗಕ್ಕ.

ಹೊಳಲ್ಕೆರೆ ದಾಟಿತು. ಮದುವೆಯಾದ ಹೊಸದರಲ್ಲಿ ಅವನು ಅನುಪಮಾಳನ್ನು ಊರಿಗೆ ಕರೆದುಕೊಂಡು ಹೋದದ್ದೂ ಇದೇ ಬಸ್ಸಿನಲ್ಲಿ. ಅವಳ ಮನೆಯವರಿಗೆ ಅವನು ಅವ್ವನದು ಕಿರಾಣಿ ಅಂಗಡಿ ಎಂದಿದ್ದ. ಕಂಡಕ್ಟರ್ ಬಾಗಿಲಲ್ಲಿ ನಿಂತು ‘ಸಾರಾಯಿ ಗಂಗಕ್ಕ ಯಾರ್ರೀ’ ಎಂದು ಕೂಗಿದಾಗ ಇಳಿಯುವವರು ಅವರಿಬ್ಬರೇ. ಪರಮೇಶ ಏಳಲಿಲ್ಲ. ‘ಯಾರೂ ಇಲ್ವಾ? ರೈಟ್’ ಎಂದ ಕಂಡಕ್ಟರ್. ಕಿಟಕಿಯಲ್ಲಿ ಅವ್ವ ಒಂದು ಕ್ಷಣ ಕಂಡಳು. ಹೊಸ ಸೀರೆ ಉಟ್ಟು, ಕೈಯಲ್ಲಿ ಆರತಿ ತಟ್ಟೆ ಹಿಡಿದು ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದಳು. ಮಾಡದಕೆರೆಯಲ್ಲಿಳಿದು ಬಿಸಿಲಲ್ಲಿ ವಾಪಸ್ ನಡೆಯುವಾಗ ಅನುಪಮಾಳ ಹೊಸ ಚಪ್ಪಲಿ ಕಚ್ಚಿತು. ಅವಳು ಚಪ್ಪಲಿ ಕೈಗೆ ತೆಗೆದುಕೊಂಡು, ‘ಹಿಂದಿನ ಸ್ಟಾಪಲ್ಲೇ ಇಳೀಬಹುದಿತ್ತಲ್ವಾ?’ ಎಂದು ಕೇಳಿದಳು. ‘ಅಲ್ಲಿ ನಿಲ್ಸಲ್ಲ’ ಎಂದ ಅವನು. ಅವಳು ಅವನ ಮುಖ ನೋಡಿದಳು. ಮತ್ತೆ ಯಾವತ್ತೂ ಆ ವಿಷಯ ಎತ್ತಲಿಲ್ಲ. ಎತ್ತದೇ ಇರುವುದರಲ್ಲಿ ಅವಳಿಗೊಂದು ಅಧಿಕಾರ ಸಿಕ್ಕಿತ್ತೆಂದು ಪರಮೇಶನಿಗೆ ಅನ್ನಿಸುತ್ತಿತ್ತು.

‘ಸುಡಗಾಡು ಗೇಟು! ಸುಡಗಾಡು ಗೇಟು ಇಳೀರಿ!’

ಅವನು ಬೆಚ್ಚಿದ. ಇಬ್ಬರು ಹೆಂಗಸರು, ಒಬ್ಬ ಮುದುಕ ಇಳಿದರು. ಆ ಗೇಟಿನ ಒಳಗೆ ನಲವತ್ತು ಐವತ್ತು ಮನೆಗಳ ಹಟ್ಟಿ. ಅಲ್ಲಿಯ ಗೋವಿಂದಪ್ಪ ಎಂಬ ನಿವೃತ್ತ ಹೆಡ್‌ಮೇಷ್ಟ್ರು ಒಂದು ವರ್ಷದ ಹಿಂದೆ ಪರಮೇಶನ ಕಾಲೇಜಿಗೆ ಹುಡುಕಿಕೊಂಡು ಬಂದಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಸ್ಟಾಫ್ ರೂಮಿನಲ್ಲಿ ಬೇರೆ ಮೇಷ್ಟ್ರುಗಳ ಎದುರಿಗೇ, ‘ನಿಮ್ಮ ಫೋನಿನಾಗೆ ನಮ್ಮೂರ ಹೆಸ್ರು ಬದಲಾಯಿಸ್ರಿ ಸಾರ್. ವಿದ್ಯಾನಗರ ಅಂತ ಹಾಕ್ರಿ. ಮಗಳನ್ನ ನೋಡಾಕೆ ಬರೋರು ಅದನ್ನೇ ನೋಡ್ಕಂಡು ಬರ್ತಾರೆ. ಸುಡಗಾಡು ಗೇಟಿನಾಗೆ ಇಳಿದು ಹೆಣ್ಣು ನೋಡ್ಬೇಕೇನ್ರಿ?’ ಎಂದರು. ಪರಮೇಶ ಕುರ್ಚಿಯಿಂದ ಏಳದೆ, ‘ನಾನು ಇಟ್ಟ ಹೆಸರಲ್ಲ ಮೇಷ್ಟ್ರೆ. ಕಂಡಕ್ಟರ್ ಕೂಗಿದ್ದೇ ಹೆಸರು. ಒಬ್ಬರಿಗೆ ಬದಲಾಯಿಸಿದರೆ ಎಲ್ಲರಿಗೂ ಬದಲಾಯಿಸಬೇಕಾಗುತ್ತೆ’ ಎಂದಿದ್ದ. ಆ ಮಾತು ಹೇಳುವಾಗ ಅದರ ಸದ್ದು ತನಗೇ ಇಷ್ಟವಾಗಿತ್ತು. ಗೋವಿಂದಪ್ಪ ಟವೆಲ್ಲನ್ನು ತೆಗೆದು ಮತ್ತೆ ಮಡಚಿ ಹೆಗಲಿಗೆ ಹಾಕಿಕೊಂಡರು. ಬಾಗಿಲ ತನಕ ಹೋಗಿ ತಿರುಗಿ, ‘ನಿಮ್ಮೂರಿಗೆ ಏನಂತ ಕೂಗ್ತಾರ್ರಿ ಸಾರ್?’ ಎಂದು ಕೇಳಿದರು. ಕುಹಕವಿರಲಿಲ್ಲ, ತಿಳಿಯಲೆಂದೇ ಕೇಳಿದ್ದರು. ‘ವಿನಾಯಕ ನಗರ’ ಎಂದ ಪರಮೇಶ. ‘ಪುಣ್ಯವಂತ್ರು’ ಎಂದು ಹೇಳಿ ಅವರು ಹೋದರು.

ಇವತ್ತು ಸಂಜೆ ಇದೆಲ್ಲ ಮುಗಿಯುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಮಾರಿದ ಮೇಲೆ ಸುಡಗಾಡು ಗೇಟು ಕಂಪನಿಯ ಹೊಣೆ. ವಿನಾಯಕ ನಗರ ಅವರದೇ ತಲೆನೋವು. ತಾನು ಊಟದ ತಟ್ಟೆಯ ಮುಂದೆ ಬರೀ ಊಟ ಮಾಡುವವನಾಗುತ್ತೇನೆ. ಮುಂದಿನ ಸೀಟಿನಲ್ಲಿ ಅವ್ವ ಚೈತ್ರಾಳಿಗೆ ಕುಲಾವಿ ತೋರಿಸುತ್ತಿದ್ದಳು. ಹುಡುಗಿ ಅದನ್ನು ತನ್ನ ಮುಷ್ಟಿಗೆ ಹಾಕಿ ನೋಡುತ್ತಿದ್ದಳು.

ಹೊಸದುರ್ಗದಲ್ಲಿ ಬಸ್ಸು ಚಹಾಕ್ಕೆ ನಿಂತಿತು, ಕಂಡಕ್ಟರ್ ಬದಲಾದ. ಹೊಸದಾಗಿ ಹತ್ತಿದವನು ಬೋರಯ್ಯ, ಅವ್ವನ ಅಂಗಡಿಯ ಹಳೇ ಗಿರಾಕಿ. ಕೂದಲು ಬೆಳ್ಳಗಾಗಿತ್ತು, ಧ್ವನಿ ಮಾತ್ರ ಹಳೆಯದೇ, ತಗಡು ಎಳೆದಂತೆ. ಪರಮೇಶ ಕಿಟಕಿಯ ಕಡೆ ಮುಖ ಮಾಡಿದ. ಬೋರಯ್ಯ ಟಿಕೆಟ್ಟುಗಳನ್ನು ನೋಡುತ್ತ ಬಂದವನು ಗಂಗಕ್ಕನ ಮುಂದೆ ನಿಂತುಬಿಟ್ಟ.

‘ಏನಮ್ಮೋ! ಬದುಕಿದ್ದೀಯಾ? ನಾನು ಹೋಗ್ಬಿಟ್ಲು ಅನ್ಕಂಡಿದ್ದೆ.’

‘ನಿನ್ನ ಕಳಿಸ್ದೆ ನಾನೆಲ್ಲಿ ಹೋಗಾಣ? ಹಲ್ಲು ಎಲ್ಲಿ ಬಿಟ್ಟು ಬಂದ್ಯೋ ಬೋರಣ್ಣ?’

‘ನಿನ್ನ ಮಿರ್ಚಿ ತಿಂದು ಉದುರಿದ್ವು.’ ಅವನು ಟಿಕೆಟ್ ತಿರುಗಿಸಿ ನೋಡಿದ. ‘ಯಾಕೆ, ಮಾಡದಕೆರೆಗೆ ತಗಂಡಿದ್ದೀಯ? ನಿನ್ನ ಸ್ಟಾಪು ಬಿಟ್ಟು ಮುಂದಕ್ಕೆ ಹೋಗಿ ಹಿಂದಕ್ಕೆ ನಡೀತೀಯಾ, ಈ ಮೊಣಕಾಲು ಇಟ್ಕಂಡು?’

‘ಅಲ್ಲಿ ನಿಲ್ಸಲ್ವಲ್ಲಪ್ಪ ಈಗ.’

‘ಯಾರಂದ್ರು?’

‘ಫೋನು.’

ಪರಮೇಶನ ಬೆನ್ನು ಸೀಟಿಗೆ ಅಂಟಿಕೊಂಡಿತು. ಗಂಗಕ್ಕ ಚೈತ್ರಾಳ ಕಡೆ ತಿರುಗಿ ಹೇಳತೊಡಗಿದಳು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. ‘ನಮ್ಮ ಬೀದಿ ಹುಡುಗಿಗೆ ನನ್ನ ಮಗ ಮಾಡಿರೋದನ್ನ ಫೋನಿಗೆ ಹಾಕ್ಕೊಡು ಅಂದೆ. ಮೈಕು ಒತ್ತಿ ಸ್ಟಾಪಿನ ಹೆಸ್ರು ಹೇಳಿದ್ರೆ ಬಸ್ಸು ಎಲ್ಲೈತೆ ಅಂತ ಹೇಳ್ತೈತಲ್ಲವ್ವ, ಓದಾಕೆ ಬರದೋರಿಗೆ ಅಂತ ಮಾಡವ್ನೆ. ನನ್ನ ಸ್ಟಾಪು ಹೇಳ್ದೆ. ಇಲ್ಲ ಅಂತು. ಮೆತ್ತಗೆ ಹೇಳಿದ್ನೇನೋ ಅಂತ ಮತ್ತೆ ಹೇಳ್ದೆ. ಮತ್ತೂ ಇಲ್ಲ ಅಂತು. ರಸ್ತೆ ಅಗಲ ಮಾಡಿದ್ರಲ್ಲ, ಸ್ಟಾಪೂ ಕಿತ್ತಾಕಿರ್ಬೇಕು ಅನ್ಕಂಡೆ.’

‘ಶಾಂತಿ ಹೇಳ್ಲಿಲ್ವೇನಮ್ಮ?’ ಎಂದ ಬೋರಯ್ಯ.

‘ಅವ್ಳು ಹೇಳಿದ್ಲು, ನಿಲ್ತೈತೆ ಬಾ ಅಂತ. ನನ್ನ ಮಗನೇ ಇಲ್ಲ ಅಂದ್ಮೇಲೆ ಅವ್ಳ ಮಾತು ಕಟ್ಕಂಡು ಏನ್ಮಾಡ್ಲಿ? ಆಗಿಂದ ಈ ಕಡೆ ಬಂದೇ ಇಲ್ಲ.’

ಚೈತ್ರಾಳಿಗೆ ಅರ್ಥವಾಗಲಿಲ್ಲ. ಕೆಲಸದ ಹುಡುಗಿ, ತನ್ನ ಫೋನು ತೆಗೆದು, ಹೋಲ್ಡಾನ್ ತೆರೆದು, ಗಂಗಕ್ಕನ ಬಾಯಿಯ ಹತ್ತಿರ ಹಿಡಿದಳು. ‘ಏನು ಹೆಸ್ರು ಹೇಳಿದ್ರಿ ಅಮ್ಮ? ಇದ್ರಲ್ಲಿ ಹೇಳಿ ನೋಡೋಣ.’

ಗಂಗಕ್ಕ ಕತ್ತು ಮುಂದೆ ಚಾಚಿ, ದೂರದ ಹೊಲದಲ್ಲಿರುವವರನ್ನು ಕರೆಯುವ ಹಾಗೆ ಗಟ್ಟಿಯಾಗಿ ಹೇಳಿದಳು: ‘ಸಾರಾಯಿ ಗಂಗಕ್ಕ.’

ಇಡೀ ಬಸ್ಸು ತಿರುಗಿ ನೋಡಿತು. ಫೋನಿನಿಂದ ಪರಮೇಶನ ಧ್ವನಿ ಬಂತು. ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ ಅವನು ಮುದ್ರಿಸಿದ್ದ ಧ್ವನಿ. ವಾರ್ತೆ ಓದಿದ ಹಾಗಿದೆ ಎಂದು ಆಗ ಅನುಪಮಾ ನಕ್ಕಿದ್ದಳು. ‘ಆ ಹೆಸರಿನ ನಿಲ್ದಾಣ ಇಲ್ಲ’ ಎಂದಿತು ಅದು.

ಯಾರೋ ಹಿಂದೆ ಕಿಸಕ್ಕೆಂದರು. ಚೈತ್ರಾ ಫೋನು ನೋಡಿದಳು, ಗಂಗಕ್ಕನನ್ನು ನೋಡಿದಳು, ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ ಪರಮೇಶನನ್ನು ನೋಡಿದಳು. ಫೋನನ್ನು ಮಡಿಲಿಗೆ ಇಳಿಸಿದಳು. ಅವನ ಪಕ್ಕದಲ್ಲಿದ್ದ ಮನುಷ್ಯ ಮೊಣಕಾಲ ನಡುವೆ ಒಂದು ಕೋಳಿಯನ್ನು ಹಿಡಿದುಕೊಂಡು ಕುಳಿತಿದ್ದ, ಕೋಳಿಯ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಪರಮೇಶ ಅದನ್ನೇ ನೋಡಿದ. ಅವ್ವ ಆ ಹುಡುಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ಫೋನಿಗೆ ತನ್ನ ಹೆಸರು ಹೇಳುತ್ತಿದ್ದ ಆ ಹೊತ್ತು ತಾನು ಎಲ್ಲಿದ್ದಿರಬಹುದು? ಬಹುಶಃ ಮನೆಯೊಳಗೇ. ಬಹುಶಃ ಯಾವುದೋ ಎರಡು ಬೇವಿನ ಹತ್ತಿರ ಬಸ್ಸು ನಿಂತಿದೆಯೋ ಇಲ್ಲವೋ ನೋಡುತ್ತ.

‘ಐತೆ ಕಣಮ್ಮೋ, ಆ ಫೋನಿಗೇನು ಗೊತ್ತು!’ ಬೋರಯ್ಯ ಬಾಗಿಲಿಗೆ ಹೋಗಿ ಕಂಬಿ ಹಿಡಿದು ಹೊರಗೆ ಬಾಗಿದ. ತೆಂಗಿನ ಸಾಲು ಮುಗಿದು ಕೆಂಪು ಬಯಲು ಬಂತು. ‘ಸಾರಾಯಿ ಗಂಗಕ್ಕ! ಯಾರ್ರೀ ಸಾರಾಯಿ ಗಂಗಕ್ಕ! ಸಾಕ್ಷಾತ್ ಅವ್ಳೇ ಇಳೀತಾವ್ಳೆ, ಮೆತ್ತಗೆ ನಿಲ್ಸಪ್ಪ, ಹೋಲ್ಡಾನ್!’

ಪರಮೇಶ ಎದ್ದ. ಮುಂದೆ ಹೋಗಿ ಅವ್ವನ ಚೀಲ ತೆಗೆದುಕೊಂಡ, ರೆಟ್ಟೆ ಹಿಡಿದ. ಎರಡೂ ಕಡೆಯ ಸೀಟಿನವರು ಅವನ ಮುಖವನ್ನೇ ನೋಡುತ್ತಿದ್ದರು, ಅಥವಾ ಹಾಗೆಂದು ಅವನಿಗೆ ಅನ್ನಿಸಿತು. ಮೂವರೂ ಇಳಿದರು. ಬಸ್ಸು ಎಬ್ಬಿಸಿದ ಧೂಳಿಗೆ ಗಂಗಕ್ಕ ಸೆರಗು ಅಡ್ಡ ಹಿಡಿದಳು.

ಅಂಗಡಿಯಿದ್ದ ಜಾಗದಲ್ಲಿ ಈಗ ಡಾಂಬರಿನ ಅಂಚು, ಅದರಾಚೆ ಒಂದಿಷ್ಟು ಜಲ್ಲಿ. ಗಂಗಕ್ಕ ಜಲ್ಲಿಯ ಮೇಲೆ ನಿಂತು ಅತ್ತಿತ್ತ ನೋಡಿದಳು. ‘ಒಲೆ ಇಲ್ಲಿತ್ತು’ ಎಂದಳು. ಎರಡು ಹೆಜ್ಜೆ ಸರಿದು, ‘ಇಲ್ಲ, ಇಲ್ಲಿ’ ಎಂದಳು. ದೂರದ ಮನೆಯೊಂದರ ಮುಂದೆ ಶಾಮಿಯಾನ ಹಾಕಿತ್ತು, ಯಾರೋ ಕೈ ಬೀಸುತ್ತಿದ್ದರು.

ಚೈತ್ರಾ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. ‘ಸರ್, ಇದನ್ನ ಸರಿ ಮಾಡಿಬಿಟ್ರೆ ಬೇರೆ ಏನೂ ಉಳಿದಿಲ್ಲ. ಕಂಡಕ್ಟರ್ ಕೂಗಿದ್ದು ನಾನೂ ಕೇಳಿದೆ.’ ಅವಳು ಹೆಸರನ್ನು ಹೇಳಲಿಲ್ಲ. ಹೇಳದೇ ಇದ್ದದ್ದು ಪರಮೇಶನಿಗೆ ತಾಗಿತು.

ಅವನು ತಾಯಿಯ ಕಡೆ ತಿರುಗಿದ. ಆರು ವರ್ಷದಲ್ಲಿ ಯಾವ ಸ್ಟಾಪಿನವರನ್ನೂ ಅವನು ಈ ಪ್ರಶ್ನೆ ಕೇಳಿರಲಿಲ್ಲ. ಹೇಗೆ ಕೇಳಬೇಕೆಂದೂ ತಿಳಿಯಲಿಲ್ಲ. ‘ಅವ್ವ, ಇಲ್ಲಿಗೆ ಏನಂತ ಬರೀಲಿ?’

‘ಏನಂತ ಬರ್ದಿದ್ದೆ?’

‘ವಿನಾಯಕ ನಗರ.’

ಗಂಗಕ್ಕ ಸುತ್ತ ನೋಡಿದಳು, ವಿನಾಯಕನನ್ನು ಹುಡುಕುವವಳ ಹಾಗೆ. ನಗಲಿಲ್ಲ. ಬಹಳ ಹೊತ್ತು ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ‘ಬೋರಣ್ಣ ಕೂಗೋದು ಕೂಗ್ಲಿ, ಅವ್ನ ಬಾಯಿ’ ಎಂದಳು ಆಮೇಲೆ. ‘ಸಾರಾಯಿನ ಸರ್ಕಾರನೇ ತೆಗೀತು. ನೀನೂ ಅದೊಂದನ್ನ ತೆಗಿ. ಗಂಗಕ್ಕ ಇರ್ಲಿ. ನೀನು ಎರಡನ್ನೂ ತೆಗ್ದುಬಿಟ್ಟಿದ್ದೆ.’ ಅಷ್ಟು ಹೇಳಿ ಚೀಲವನ್ನು ಅವನ ಕೈಯಿಂದ ಈಸಿಕೊಂಡು ಶಾಮಿಯಾನದ ಕಡೆ ನಡೆದಳು. ಮೊಣಕಾಲು ನೋಯುತ್ತಿದ್ದುದರಿಂದ ಒಂದು ಕಡೆಗೆ ವಾಲಿ ವಾಲಿ ನಡೆಯುತ್ತಿದ್ದಳು. ಅವಳು ಅಷ್ಟು ವಾಲುತ್ತಾಳೆಂದು ಅವನು ಗಮನಿಸಿರಲಿಲ್ಲ.

‘ಬರೀ ಗಂಗಕ್ಕ ಅಂತ ಹಾಕಿದ್ರೆ ನಿಮ್ಮಲ್ಲಿ ನಡಿಯುತ್ತಾ?’ ಎಂದು ಕೇಳಿದ ಪರಮೇಶ.

ಚೈತ್ರಾ ಯೋಚಿಸಿದಳು. ಸುಳ್ಳು ಹೇಳುವ ಹುಡುಗಿಯಲ್ಲ. ‘ಕಷ್ಟ ಸರ್. ಹಾಗೆ ಯಾರೂ ಕೂಗಲ್ವಲ್ಲ. ಕೂಗೋ ಹೆಸರು ಅಂತಾನೇ ನಾವು ತಗೋತಿರೋದು. ನಿಮ್ಮ ಆ್ಯಪಿನ ಮೇಲಿರೋ ಸಾಲೇ ಅದು.’

‘ಕೊಟ್ಟ ಮೇಲೆ ಯಾವ ಊರವರಾದ್ರೂ ಬೇರೆ ಹೆಸರು ಬೇಕು ಅಂದ್ರೆ?’

‘ಆವಾಗ ಅದು ನಮ್ಮದಾಗಿರುತ್ತೆ. ಒಂದು ಕಡೆ ಕೊಟ್ಟಿದ್ದು ಹತ್ತು ಕಡೆ ಹೋಗಿರುತ್ತೆ. ಹಿಂದಕ್ಕೆ ತರೋದು ನನ್ನ ಕೈಲಂತೂ ಆಗಲ್ಲ.’ ಸ್ವಲ್ಪ ತಡೆದು, ‘ಅಮ್ಮನಿಗೆ ಹಾಗೆ ಹೇಳಬಾರದಿತ್ತು ಆ ಫೋನು’ ಎಂದಳು.

‘ಫೋನಲ್ಲ’ ಎಂದ ಪರಮೇಶ.

ಎದುರಿನಿಂದ ಹೊಸದುರ್ಗದ ಬಸ್ಸು ಬರುತ್ತಿರುವುದು ದೂರದಲ್ಲಿ ಕಂಡಿತು. ಅವಳು ಕೈ ತೋರಿಸಬೇಕೋ ಬೇಡವೋ ಎಂದು ಅವನ ಕಡೆ ನೋಡಿದಳು. ಬಸ್ಸು ಹತ್ತಿರ ಬರುವ ತನಕ ಅವನಿಗೆ ಅನುಪಮಾಳ ‘ಸದ್ಯ’ ಕೇಳಿಸುತ್ತಲೇ ಇತ್ತು. ಈ ಹೆಸರುಗಳಲ್ಲಿ ಒಂದನ್ನೂ ಅವನು ಆಯಾ ಊರಿನವರ ಬಾಯಿಂದ ಕೇಳಿರಲಿಲ್ಲ. ಬಾಗಿಲ ಹತ್ತಿರದ ಸೀಟಿನಿಂದ ಇಳಿದಿರಲಿಲ್ಲ. ‘ಇವತ್ತಲ್ಲ ಚೈತ್ರಾ, ಯಾವತ್ತೂ ಇಲ್ಲ. ಮಾರಲ್ಲ’ ಎಂದ. ಅವಳು ತಲೆಯಾಡಿಸಿದಳು. ಬೇಸರವಾಯಿತೋ ಇಲ್ಲವೋ ಮುಖದಿಂದ ತಿಳಿಯಲಿಲ್ಲ. ‘ನಮ್ಮ ಸರ್ ನನ್ನ ಬೈತಾರೆ ಅಷ್ಟೇ’ ಎಂದು ಬಸ್ಸು ಹತ್ತಿದಳು.

ರಾತ್ರಿ ಮನೆಯಲ್ಲಿ ಅನುಪಮಾ ತಟ್ಟೆ ಹಾಕಿ, ಅವನು ಹೇಳಿದ್ದನ್ನೆಲ್ಲ ನಿಂತುಕೊಂಡೇ ಕೇಳಿದಳು. ಅವನು ಸ್ಟಾಪಿನ ಹೆಸರನ್ನು ಪೂರ್ತಿಯಾಗಿ, ಕಂಡಕ್ಟರ್ ಕೂಗುವ ಹಾಗೆಯೇ ಹೇಳಿದ. ಅವಳ ಮುಂದೆ ಆ ಎರಡು ಪದಗಳನ್ನು ಹೇಳಿದ್ದು ಅದೇ ಮೊದಲು. ‘ಗೊತ್ತಿತ್ತು’ ಎಂದಳು ಅವಳು. ಹುಳಿ ಬಡಿಸಿದಳು. ‘ಮತ್ತೆ ಇನ್ನೂ ಎಷ್ಟು ವರ್ಷ ಹಿಂಗೆ?’ ಎಂದಳು. ಊಟವಾದ ಮೇಲೆ ಅವನು ವಿನಾಯಕ ನಗರ ಅಳಿಸಿ ಗಂಗಕ್ಕ ಎಂದು ಬರೆದ. ಸಾರಾಯಿ ಗಂಗಕ್ಕ ಎಂದು ಯಾರಾದರೂ ಕೇಳಿದರೂ ಫೋನು ಬಸ್ಸು ತೋರಿಸುವಂತೆ ಮಾಡಿದ. ‘ಕಂಡಕ್ಟರ್ ಕೂಗಿದ್ದೇ ಹೆಸರು’ ಎಂಬ ಮೇಲಿನ ಸಾಲನ್ನು ತೆಗೆದ. ಅದರ ಬದಲು ಏನು ಹಾಕಬೇಕೆಂದು ತೋಚದೆ ಖಾಲಿ ಬಿಟ್ಟ.

ಮುಂದಿನ ಭಾನುವಾರ ಅವನು ಹೊಳಲ್ಕೆರೆ ಕಡೆಯ ಬಸ್ಸು ಹತ್ತಿ ವಿದ್ಯಾನಗರಕ್ಕೆ ಟಿಕೆಟ್ ಕೇಳಿದ. ‘ಅಂಥ ಸ್ಟಾಪೇ ಇಲ್ಲ’ ಎಂದ ಕಂಡಕ್ಟರ್. ಸುಡಗಾಡು ಗೇಟು ಎಂದ ಮೇಲೆ ಟಿಕೆಟ್ ಕೊಟ್ಟ. ಗೋವಿಂದಪ್ಪನವರ ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಹೆಂಗಸು ರಾಗಿ ಹಸನು ಮಾಡುತ್ತಿದ್ದವಳು, ‘ಮಗಳ ಮದ್ವೆ ಕಣ್ರಿ, ಹಿರಿಯೂರಿನಾಗೆ. ಹೆಣ್ಣು ತೋರ್ಸಿದ್ದೂ ಅಲ್ಲೇ, ಅವ್ರ ತಂಗಿ ಮನ್ಯಾಗೆ. ನೀವು ಯಾರು, ಕುಂತ್ಕಳ್ರಿ’ ಎಂದಳು. ಪರಮೇಶ ಕಟ್ಟೆಯ ಮೇಲೆ ಕುಳಿತು, ನಿಮ್ಮ ಸ್ಟಾಪಿಗೆ ನೀವು ಏನಂತ ಹೆಸರಿಡುತ್ತೀರಿ ಎಂದು ಕೇಳಿದ. ಅವಳು ಮೊರ ಕೆಳಗಿಟ್ಟು, ಒಳಗಿದ್ದವರನ್ನು ಕೇಳಿ ಬರುತ್ತೇನೆಂದು ಎದ್ದುಹೋದಳು.